ಪದ ಬೇಕಾಗೇತಿ: ‘ಫಾಲನ್ ಏಂಜೆಲ್’ಗೆ ಕನ್ನಡದಾಗ ಏನಂತೀರಿ? ಫ್ಲೆಕ್ಸಿಗೆ, ಅರ್ಜೆಂಟ್

ಬೆಳಗಾವಿಯಿಂದ:

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮ ಚರ್ಚಿನ ಓದೋ ಗುಂಪಿನ್ಯಾಗ ಒಂದು ಇಂಗ್ಲಿಷ್ ಕಾದಂಬರಿ ಓದಾಕತ್ತೀವಿ, ಕ್ರಿಶ್ಚಿಯನ್ ಫ್ಯಾಂಟಸಿ ಅಂತಾರಲ್ಲ ಅಂಥಾದ್ದು, ಪೂರ್ತಿ ದೇವದೂತರದ್ದ ಕಥಿ. ಈ ರವಿವಾರ ಅದರ ಮ್ಯಾಲೆ ಕನ್ನಡದಾಗ ಮಾತುಕತಿ ಇಟ್ಟೇವಿ, ಹೊರಗಿನವರೂ ಬರಲಿ ಅಂತ ಗೇಟಿಗೆ ಫ್ಲೆಕ್ಸ್ ಹಾಕಬೇಕು, ಪ್ರಿಂಟಿಂಗಿನಾಂವ ನಾಳೆ ಸಂಜಿಕ ಮ್ಯಾಟರ್ ಕೊಡ್ರಿ ಅಂದಾನ. ಕಥಾನಾಯಕ ಏನಪಾ ಅಂದ್ರ, ಸ್ವರ್ಗದಾಗ ದಂಗೆ ಎದ್ದಾಗ ಸೈತಾನನ ಕಡೆ ಹೋಗಲಿಲ್ಲ, ದೇವರ ಕಡೆನೂ ನಿಂದರಲಿಲ್ಲ, ತನ್ನ ಜಾಗಾ ಬಿಟ್ಟು ಸುಮ್ನ ಭೂಮಿಗೆ ಇಳದು ಬಂದಾಂವ. ಇಂಗ್ಲಿಷಿನ್ಯಾಗ ಫಾಲನ್ ಏಂಜೆಲ್ ಅಂತ ಬರದಾರ. ‘ಬಿದ್ದ ದೇವದೂತ’ ಅಂತ ಬರದು ತೋರಿಸಿದೆ, ನಮ್ಮ ಹುಡುಗೋರು ‘ಎಲ್ಲಿ ಬಿದ್ದಾ, ಪೆಟ್ಟಾತೇನು’ ಅಂತ ನಗಾಕ ಹತ್ತಿದ್ರು. ಕೆರೂಬಿ, ಸೆರಾಫಿ ಅನ್ನೋ ದೂತರ ಹೆಸರು ಎಲ್ಲಾ ಬೈಬಲ್ಲಿನ್ಯಾಗ ಅದಾವು, ಅವು ಬ್ಯಾಡ. ಇದೊಂದು ಹೇಳ್ರಿ.

ಜಮಖಂಡಿಯಿಂದ:

ಪತಿತ ದೂತ. ಇದರಾಗ ಚರ್ಚೆ ಮಾಡೂದು ಏನೈತಿ? ಪತಿತಪಾವನ ಅಂತ ದೇವರಿಗೇ ಹೆಸರೈತಿ, ಮ್ಯಾಲೆ ಎತ್ತೂ ಆಸೆನೂ ಪದದಾಗನ ಬಂತು. ಯಾರರ ಭ್ರಷ್ಟ ಅಂತ ಹೇಳಾಕ ಬಂದ್ರ ಕೇಳಬ್ಯಾಡ್ರಿ, ‘ಭ್ರಷ್ಟ ದೇವದೂತ’ ಅಂತ ಗೇಟಿಗೆ ಹಾಕಿದ್ರ ಲೋಕಾಯುಕ್ತ ರೇಡ್ ಆಗೇತಿ ಅಂತ ಮಂದಿ ಕೂಡ್ತಾರ.

ಬೆಳಗಾವಿಯಿಂದ:

ಪತಿತ ಚೊಲೋ ಐತ್ರಿ, ಆದ್ರ ಪುಸ್ತಕದಾಗ ಅವನ ಜೋಡಿ ಒಬ್ಬಾಕಿನೂ ಹಂಗ ಇಳದು ಬಂದಾಳ. ‘ಪತಿತೆ’ ಅಂತ ಬರದ್ರ ಎಲ್ಲಿಗೆ ಹೋಗ್ತೇತಿ ನಿಮಗ ಗೊತ್ತೈತಲ್ಲ.

ಜಮಖಂಡಿಯಿಂದ:

ದೂತರಾಗ ಹೆಣ್ಣು ಎಲ್ಲಿಂದ ಬಂತು? ಬೈಬಲ್ಲಿನ ಮತ್ತಾಯ 22 ಓದ್ರಿ, ಅವರಿಗೆ ಮದವಿನ ಇಲ್ಲ. ನಪುಂಸಕಲಿಂಗ ಹಚ್ಚಿ ‘ದೂತ ಬಂತು’ ಅಂತ ಬರೀರಿ.

ವಿಜಯಪುರದಿಂದ:

ಸ್ವಲ್ಪ ತಡೀರಿ. ಮೂಲ ಶಬ್ದ ನೋಡದ ಪತಿತ, ಬಿದ್ದ ಅಂತ ಹೊಂಟೀರಲ್ಲ. ಗ್ರೀಕಿನ ಆಂಗೆಲೊಸ್ ಅಂದ್ರ ಸುದ್ದಿ ಒಯ್ಯಾಂವ, ಹೀಬ್ರೂದ ಮಲಾಖ್ ಅಂದ್ರೂ ಅದ, ಪಾರ್ಸಿ ಫರಿಶ್ತಾ ಅನ್ನೂದೂ ಕಳಿಸು ಅನ್ನೋ ಕ್ರಿಯಾಪದದ ಸಂಬಂಧದ್ದು. ಫರಿಶ್ತಾ ನಮ್ಮೂರಿಗೆ ಹೊಸಾ ಶಬ್ದ ಅಲ್ಲ, ಎರಡನೇ ಇಬ್ರಾಹಿಂ ಆದಿಲಶಾಹನ ಆಸ್ಥಾನದಾಗ ಕುಂತು ಇತಿಹಾಸ ಬರದ ಮುಹಮ್ಮದ್ ಕಾಸಿಂ ಇಟ್ಟುಕೊಂಡ ಹೆಸರ ಫರಿಶ್ತಾ. ಈಗ ಕನ್ನಡದಾಗ ಇದಕ್ಕ ಸರಿಯಾದ ಶಬ್ದ ಯಾವುದು? ಹರಿಕಾರ. ಇವತ್ತ ಎಲ್ಲಾರೂ ‘ಕ್ರಾಂತಿಯ ಹರಿಕಾರ’ ಅಂತ ಹಾರ ಹಾಕ್ತಾರ, ಹರಿ ಅಂದ್ರ ವಿಷ್ಣು ಅಂತ ತಿಳದಾವರೂ ಅದಾರ. ಅದು ಹರ್‌ಕಾರಾ, ಎಲ್ಲಾ ಕೆಲಸಕ್ಕೂ ಓಡಾಂವ, ಟಪಾಲು ಒಯ್ಯಾಂವ. ಮಾತಿನ ಮೂಲ ಅರ್ಥ ಮತ್ತ ಜೀವಂತ ಆಗಲಿ, ‘ದೇವರ ಹರಿಕಾರ’ ಅಂತ ಬರೀರಿ.

ಇನ್ನೊಂದು. ದೂತ ಅಂದ್ರ ಕಳಿಸಿದಾಂವ. ನಿಮ್ಮ ನಾಯಕನ್ನ ಯಾರೂ ಕಳಿಸಿಲ್ಲ, ತಾನ ಎದ್ದು ಬಂದಾನ. ಕೆಲಸ ಬಿಟ್ಟ ಪೋಸ್ಟಮನ್ನಗ ಪೋಸ್ಟಮನ್ ಅಂತೀರೇನು? ಸಂತ ಆಗಸ್ಟಿನ್ ಹೇಳಿದ್ದೂ ಇದನ, ದೂತ ಅನ್ನೂದು ಅವರ ಹುದ್ದೆ ಹೆಸರು, ಅವರ ಜಾತಿ ಹೆಸರಲ್ಲ, ಜಾತಿಯಿಂದ ಅವರು ಆತ್ಮಗಳು. ಹಂಗಾರ ಇವನಿಗೆ ದೂತ ಅನ್ನೂದ ತಪ್ಪು.

ಜಮಖಂಡಿಯಿಂದ:

ದೂತ ಅನ್ನೂದು ತಪ್ಪಂತ, ಟಪಾಲಿನಾಂವ ಹರಿಕಾರ ಅನ್ನೂದು ಸರಿಯಂತ. ಇವರು ಪ್ರತಿ ಚರ್ಚೆದಾಗೂ ಗೋಳಗುಮ್ಮಟ ಒಂದ್ ಸುತ್ತು ಹಾಕಸ್ದ ಬಿಡಾಂಗಿಲ್ಲ.

ಗುಳೇದಗುಡ್ಡದಿಂದ:

ದೇವ ಸಂಸ್ಕ್ರುತ, ದೂತ ಸಂಸ್ಕ್ರುತ, ಪತಿತ ಸಂಸ್ಕ್ರುತ, ಹರಿಕಾರ ಪಾರ್ಸಿ. ಕೇಳಿದ್ದು ಕನ್ನಡ ಪದ. ಹಳಗನ್ನಡದಾಗ ಅಟ್ಟು ಅಂದ್ರ ಕಳಿಸು. ಬಾನಿಂದ ಅಟ್ಟಿದ ಆಳು, ಬಾನಟ್ಟಾಳು. ಬಿದ್ದಾಂವ ಇದ್ರ ‘ಬಿದ್ದ ಬಾನಟ್ಟಾಳು’. ಮೊದಲ ಎರಡ ದಿನ ನಗ್ತಾರ, ಆಮ್ಯಾಲೆ ರೂಡಿ ಆಗ್ತೇತಿ.

ಬೆಳಗಾವಿಯಿಂದ:

ನನಗ ಎರಡ ದಿನ ಇಲ್ರಿ.

ಬಾದಾಮಿಯಿಂದ:

ಬಾನಟ್ಟಾಳು ಅಂದ್ರ ಯಾರನ್ನೋ ಅಟ್ಟಿಸಿಕೊಂಡು ಹೋಗಾಂವ ಅಂತ ತಿಳೀತಾರ್ರಿ ಇವತ್ತ. ಶಬ್ದ ಹೊಸದಾಗಿ ಯಾಕ ಹುಟ್ಟಸ್ತೀರಿ, ನಮ್ಮಲ್ಲಿ ಗಂಧರ್ವರು ಇಲ್ಲೇನು? ಶಾಪ ಹತ್ತಿದ ಗಂಧರ್ವ ಅಂದ್ರ ನಮ್ಮ ಅಜ್ಜಿಗೂ ತಿಳೀತೇತಿ, ಗಜೇಂದ್ರನ ಕಾಲು ಹಿಡದ ಮೊಸಳಿ ಹೂಹೂ ಗಂಧರ್ವ ಅಲ್ಲೇನು? ವೈಕುಂಠದ ಬಾಗಲಾ ಕಾಯೋ ಜಯ ವಿಜಯರೂ ಶಾಪದಿಂದನ ಕೆಳಗ ಬಂದವರು. ನಮ್ಮ ಗವಿಗಳಿಗೆ ಬರ್ರಿ, ಮೂರನೇದ್ದು 578ರಾಗ ಆದದ್ದು ಅಂತ ಚಾಲುಕ್ಯರ ಮಂಗಲೇಶನ ಶಾಸನನ ಐತಿ, ಬುಡದ ಪಟ್ಟಿಯೊಳಗ ಡೊಳ್ಳ ಹೊಟ್ಟಿ ಗಣಗಳು ಸಾಲಾಗಿ ಕುಣ್ಯಾಕ ಹತ್ತಾವು. ಐಹೊಳಿ ಗುಡಿಯಾಗಿನ ಹಾರೋ ಗಂಧರ್ವರಿಗೆ ಒಂದ ರೆಕ್ಕಿ ಇಲ್ಲ, ಬರೇ ಮಡಚಿದ ಕಾಲು, ಹಾರೋ ಸೆರಗು, ಅಷ್ಟರಾಗನ ಹಾರಸ್ಯಾನ ಆ ಕಲ್ಲುಕುಟಿಗ. ರೆಕ್ಕಿ ಹಚ್ಚೂದ ಬ್ಯಾಡ ನಮಗ.

ಬೈಲಹೊಂಗಲದಿಂದ:

ಗಂಧರ್ವ ಬ್ಯಾಡ್ರಿ. ಗಂಧರ್ವ ಹಾಡಾಂವ, ಹೆಂಡರ ಮಕ್ಕಳು ಇರಾಂವ, ಶಾಪ ಮುಗದ ಕೂಡ್ಲೇ ವಾಪಸ್ ಹೋಗಾಂವ. ಇವರ ನಾಯಕಗ ಶಾಪ ಯಾರು ಕೊಟ್ಟಾರ? ಮತ್ತ ಬೈಬಲ್ಲಿನ ಎಲ್ಲಾ ದೂತರಿಗೂ ರೆಕ್ಕಿ ಇಲ್ಲ. ಯೆಶಾಯ 6ರಾಗ ಸೆರಾಫಿಯರಿಗೆ ಆರಾರು ರೆಕ್ಕಿ, ಎರಡು ಮುಖಾ ಮುಚ್ಚಾಕ, ಎರಡು ಕಾಲು ಮುಚ್ಚಾಕ, ಎರಡು ಹಾರಾಕ. ಯೆಹೆಜ್ಕೇಲ ಕಂಡ ಜೀವಿಗಳಿಗೆ ನಾಕ ಮುಖ, ನಾಕ ರೆಕ್ಕಿ. ಅಬ್ರಹಾಮನ ಮನಿಗೆ ಬಂದವರು ಮಾತ್ರ ಬರೇ ಮನುಷ್ಯಾರಂಗ ಕಂಡು, ಕುಂತು ಊಟಾ ಮಾಡಿ ಹೋಗ್ಯಾರ.

ಫಾಲನ್ ಅನ್ನೋ ಒಂದ ಇಂಗ್ಲಿಷ್ ಶಬ್ದಕ್ಕ ಜೋತು ಬೀಳಬ್ಯಾಡ್ರಿ. ಗ್ರಂಥದಾಗ ಮೂರು ಬ್ಯಾರೆ ಬ್ಯಾರೆ ಸಂಗತಿ ಅದಾವು. ಯೆಶಾಯ 14ರಾಗ ಮುಂಜಾನೆ ಚುಕ್ಕಿ ಆಕಾಶದಿಂದ ಬೀಳ್ತೇತಿ, ಅದು ಬೀಳೂದು, ಅದೂ ಬಾಬೆಲಿನ ಅರಸಗ ಹೇಳಿದ ಮಾತು, ಆಮ್ಯಾಲೆ ಸೈತಾನಗ ಹಚ್ಚಿದ್ರು. ಪ್ರಕಟನೆ 12ರಾಗ ಮೀಕಾಯೇಲ ಯುದ್ಧಾ ಮಾಡಿದ ಮ್ಯಾಲೆ ಘಟಸರ್ಪನ್ನ, ಅದರ ದೂತರನ್ನ ಕೆಳಗ ದೊಬ್ಬತಾರ. ಯೂದನ ಪತ್ರದ ಆರನೇ ವಚನದಾಗ ಕೆಲವು ದೂತರು ತಮ್ಮ ವಾಸಸ್ಥಾನ ತಾವ ಬಿಟ್ಟು ಬಂದ್ರು ಅಂತ ಐತಿ. ಬಿದ್ದಾಂವ, ದೊಬ್ಬಿಸಿಕೊಂಡಾಂವ, ಬಿಟ್ಟು ಬಂದಾಂವ. ನಿಮ್ಮಾಂವ ಮೂರನೇದಾಂವ. ‘ನೆಲೆ ಬಿಟ್ಟ ದೂತ’ ಅಂತ ಹಾಕ್ರಿ. ಒಬ್ಬಾಕಿ ಇದ್ರೂ ನಡೀತೇತಿ, ನೆಲೆ ಬಿಟ್ಟ ದೂತರು. ಯಾರ ಕಡೆನೂ ನಿಂದರದ ದೂತರನ್ನ ಇಟಲಿ ಕವಿ ದಾಂತೆ ತನ್ನ ಕಾವ್ಯದಾಗ ನರಕದೊಳಗೂ ಸೇರಸದ ಬಾಗಲ ದಾಟಿದ ಮ್ಯಾಲಿನ ಅಂಗಳದಾಗ ಓಡಸ್ಯಾನ, ರವಿವಾರ ಮಾತಾಡೂವಾಗ ಅದನ್ನೂ ತಗೋರಿ.

ವಿಜಯಪುರದಿಂದ:

ದೂತ ಅಲ್ಲ ಅಂತ ನಾ ಹೇಳಿದ್ದು ಯಾರೂ ಓದೇ ಇಲ್ಲ ಅಂತ ಕಾಣಸ್ತದ.

ಬೈಲಹೊಂಗಲದಿಂದ:

ಓದೀನ್ರಿ. ಯೂದನೂ ಅವರಿಗೆ ದೂತರು ಅಂತನ ಬರದಾನ, ಕೆಲಸ ಬಿಟ್ಟ ಮ್ಯಾಲೂ. ಅವನ ಜೋಡಿ ಜಗಳಾ ಮಾಡ್ರಿ.

ಬೆಳಗಾವಿಯಿಂದ:

‘ನೆಲೆ ಬಿಟ್ಟ ದೂತ’ ಪಕ್ಕಾ. ಭಾಳ ಉಪಕಾರ ಆತ್ರಿ. ಹುಡುಗೋರಿಗೆ ತೋರಿಸಿದೆ, ನಗಲಿಲ್ಲ. ಮ್ಯಾಟರ್ ಕಳಿಸಿ ಅಡ್ವಾನ್ಸ್ ಕೊಟ್ಟೀನಿ.

ಗುಳೇದಗುಡ್ಡದಿಂದ:

ನೆಲೆ ಕನ್ನಡ, ಬಿಟ್ಟ ಕನ್ನಡ, ದೂತ ಒಂದು ಉಳೀತು. ಎರಡು ಹೆಜ್ಜಿ ಮುಂದ ಬಂದು ಕಡೀಕ ಸೋತ್ರಿ. ಆಳು ಅಂತ ಹಾಕಿದ್ರ ಏನ್ ಹೋಗ್ತಿತ್ತು?

ಜಮಖಂಡಿಯಿಂದ:

ಆಳು ಅಂದ್ರ ಹೊಲದಾಗ ಕಳೆ ತಗ್ಯಾಕ ಬಂದಾರ ಅಂತ ತಿಳೀತಾರ. ಮಹಾಪ್ರಾಣ ಬರಿಯಾಂಗಿಲ್ಲ ನೀವು, ಮೊದಲ ನಿಮ್ಮೂರಾಗ ನೇಯೋ ಖಣದ ಅರಿವಿಗೆ ಕನ್ನಡ ಹೆಸರು ಹುಡಕ್ರಿ. ‘ಕಣ’ ಅಂತ ಬೋರ್ಡ್ ಹಾಕಿದ್ರ ಮಂದಿ ಜ್ವಾಳಾ ಒಕ್ಕಾಕ ಬರ್ತಾರ.

ಗುಳೇದಗುಡ್ಡದಿಂದ:

ಕಣ ಅಂತನ ನಾವು ಅನ್ನೂದು, ಬಾಯಿ ತುಂಬ ಉಸಿರು ಹಾಕಿ ಯಾವ ನೇಕಾರನೂ ಅನ್ನಾಂಗಿಲ್ಲ. ಅದ್ರಿಂದ ಹೊಲಸೂದು ಕುಬಸ, ಅದು ಅಚ್ಚಗನ್ನಡ.

ಜಮಖಂಡಿಯಿಂದ:

ಕುಬಸ ಕುಪ್ಪಸದಿಂದ, ಕುಪ್ಪಸ ಸಂಸ್ಕೃತದ ಕೂರ್ಪಾಸದಿಂದ. ತದ್ಭವ. ಮುಂದ?

ಗುಳೇದಗುಡ್ಡದಿಂದ:

ಉಲ್ಟಾ. ಕೂರ್ಪಾಸನ ನಮ್ಮ ಕುಪ್ಪಸದಿಂದ ಹೋದದ್ದು. ಹೊಸಾ ವಿಶಯ ಅಂತ ಬ್ಯಾರೆ ಸಬ್ಜೆಕ್ಟ್ ಲೈನ್ ಹಾಕಿ ಬರ್ರಿ, ಅಲ್ಲೇ ನೋಡೂಣು.