‘ಕುಣಿಗಲ್’ಗೆ ‘ನಲ್ಲಿ’ ಸೇರಿಸಿದರೆ ನ ಯಾಕೆ ಒತ್ತಾಗುತ್ತೆ?

ಕಲ್ಪತರುನಾಡು ಕೇಳಿದ್ದು:
‘ಕುಣಿಗಲ್’ ಬರೆದು ‘ನಲ್ಲಿ’ ಸೇರಿಸಿದ ತಕ್ಷಣ ನ ಹೋಗಿ ಲ ಕೆಳಗೆ ಕೂತು ‘ಕುಣಿಗಲ್ನಲ್ಲಿ’ ಆಗುತ್ತೆ. ಪತ್ರಿಕೆಗಳ ವೆಬ್‌ಸೈಟಿನಲ್ಲಿ ಮಾತ್ರ ಬಿಡಿಬಿಡಿಯಾಗಿ ಸರಿಯಾಗೇ ಇರುತ್ತೆ. ‘ರ‍್ಯಾಂಕ್’ ಬರೆಯಹೋದರೆ ಇನ್ನೂ ಮಜಾ: ‘ರ್ಯಾಂಕ್’ ಅಂತ ಪದದ ಶುರುವಿಗೇ ಅರ್ಕಾವೊತ್ತು. ಮಧ್ಯೆ ಸ್ಪೇಸ್ ಕೊಟ್ಟರೆ ಸಾಲಿನ ಅಂಚಿನಲ್ಲಿ ‘ನಲ್ಲಿ’ ಒಂದೇ ಕೆಳಗಿನ ಸಾಲಿಗೆ ಜಾರುತ್ತೆ. ಏನು ಮಾಡೋದು? ಅಷ್ಟಕ್ಕೂ ಹೀಗೆ ಬರೆಯೋದೇ ಸರೀನಾ?

ಚಿನ್ನದಗಣಿ:
ಕೀಬೋರ್ಡಿನ ತಪ್ಪಲ್ಲ ಸರ್. ಯೂನಿಕೋಡಿನಲ್ಲಿ, ಅಂದರೆ ಕಂಪ್ಯೂಟರು ಅಕ್ಷರಗಳನ್ನು ಗುರುತಿಸೋ ಸಂಕೇತಗಳ ಪಟ್ಟಿಯಲ್ಲಿ, ಒತ್ತಕ್ಷರಕ್ಕೆ ಅಂತ ಬೇರೆ ಸಂಕೇತ ಇಲ್ಲ. ವ್ಯಂಜನ, ಹಲಂತ (‘ಲ್’ನಲ್ಲಿ ಸ್ವರ ಇಲ್ಲ ಅಂತ ತೋರಿಸೋ ಗುರುತು), ಇನ್ನೊಂದು ವ್ಯಂಜನ ಸಾಲಾಗಿ ಬಂದರೆ ಕೊನೆಯದು ಒತ್ತು. ಲ, ಹಲಂತ, ನ ಬಂತು, ಫಾಂಟು ತನ್ನ ಕೆಲಸ ಮಾಡಿತು. ಬೇಡ ಅನ್ನೋಕೆ ಹಲಂತ ಆದ ಮೇಲೆ, ನ ಬರೋ ಮುಂಚೆ, ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕಬೇಕು. ಹೆಸರು ಜೀರೋ ವಿಡ್ತ್ ನಾನ್ ಜಾಯ್ನರ್, ಸಂಕೇತ 200ಸಿ.

ವರ್ಡಿನಲ್ಲಾದರೆ ‘ಕುಣಿಗಲ್’ ತನಕ ಬರೆದು ಕೀಬೋರ್ಡನ್ನು ಇಂಗ್ಲಿಷಿಗೆ ಬದಲಿಸಿ. 200, ಅದಕ್ಕೆ ಅಂಟಿಕೊಂಡೇ ಇಂಗ್ಲಿಷಿನ ಸಿ ಒತ್ತಿ, ಆಮೇಲೆ ಆಲ್ಟ್ ಹಿಡಿದು ಎಕ್ಸ್. ನಾಲ್ಕೂ ಮಾಯವಾಗುತ್ತೆ, ಕನ್ನಡಕ್ಕೆ ಬಂದು ‘ನಲ್ಲಿ’ ಮುಂದುವರಿಸಿ. ಫೋನಿನಲ್ಲಿ ಕೀಲಿ ಸಿಗದಿದ್ದರೆ ಸರಿಯಾಗಿರೋ ಪದವನ್ನೇ ಕಾಪಿ ಮಾಡಿ ಕೀಬೋರ್ಡಿನ ಪರ್ಸನಲ್ ಡಿಕ್ಷನರಿಗೆ ಒಂದು ಶಾರ್ಟ್‌ಕಟ್ ಕೊಟ್ಟು ಸೇರಿಸಿಡಿ. ಅಳಿಸುವಾಗ ಬ್ಯಾಕ್‌ಸ್ಪೇಸ್ ಒತ್ತಿದರೂ ಏನೂ ಹೋಗಲಿಲ್ಲ ಅನ್ನಿಸಿದರೆ ಗಾಬರಿ ಬೇಡ, ಹೋಗಿರೋದು ಅದೇ.

ನಮ್ಮ ಕೆಜಿಎಫಿನ ರಾಬರ್ಟ್‌ಸನ್‌ಪೇಟೆಗೆ ಇದು ಎರಡು ಕಡೆ ಬೇಕು. ಹಾಕದೆ ಬರೆದು ನೋಡಿ: ರಾಬರ್ಟ್ಸನ್ಪೇಟೆ!

ನಂದಿತಪ್ಪಲು:
‘ರ‍್ಯಾಂಕ್’ಗೆ ಅದೇ ಅಕ್ಷರ ಹಾಕಿದರೆ ಆಗಲ್ಲ. ಅದಕ್ಕೆ ಅದರ ತಮ್ಮ, ಕೂಡಿಸುವ ಜಾಯ್ನರ್, 200ಡಿ. ಜಾಗವೂ ಬೇರೆ. ಹಲಂತಕ್ಕಿಂತ ಮೊದಲು ಬರಬೇಕು: ರ, ಜಾಯ್ನರ್, ಹಲಂತ, ಯ, ದೀರ್ಘ. ಹೆಚ್ಚಿನವರು ಎಡವೋದು ಇಲ್ಲೇ, ಅಭ್ಯಾಸಬಲದಿಂದ ಹಲಂತದ ಆಮೇಲೆ ಹಾಕ್ತಾರೆ. ಸೂರ್ಯ, ಕಾರ್ಯ ಇವಕ್ಕೆಲ್ಲ ಏನೂ ಬೇಡ, ಅರ್ಕಾವೊತ್ತೇ ಚೆಂದ. ರ‍್ಯಾಲಿ, ರ‍್ಯಾಗಿಂಗ್ ಥರ ಪದದ ಮೊದಲಿಗೆ ಬಂದಾಗಷ್ಟೇ ಈ ಕಸರತ್ತು.

ಕಲ್ಪತರುನಾಡು:
ಆಯ್ತು, ಬಂತು. ಇದರಿಂದ ಎಕ್ಸೆಲ್ ಪಟ್ಟಿಯಲ್ಲಿ ಏನಾದರೂ ಎಡವಟ್ಟು ಆಗುತ್ತಾ?

ಚಿನ್ನದಗಣಿ:
ಆಗುತ್ತೆ. ಕೆಲವು ಟೈಪಿಂಗ್ ಸಾಧನಗಳು ಪದದ ತುದಿಯಲ್ಲೂ ಇದನ್ನು ಬಿಟ್ಟುಹೋಗ್ತವೆ. ನೋಡೋಕೆ ಎರಡೂ ‘ಕುಣಿಗಲ್’, ಆದರೆ ಸಂಕೇತಗಳನ್ನು ಎಣಿಸೋ ಲೆನ್ ಸೂತ್ರ ಹಾಕಿದರೆ (ಸ್ವರಚಿಹ್ನೆ, ಹಲಂತವೂ ಲೆಕ್ಕಕ್ಕೆ ಬರುತ್ತೆ) ಒಂದಕ್ಕೆ 7, ಇನ್ನೊಂದಕ್ಕೆ 8. ಅಕ್ಷರಕ್ಕೆ ಅಕ್ಷರ ಹೋಲಿಸುವ ಕಡೆ ಅವೆರಡು ಬೇರೆ ಊರು! ಕೊನೆಯ ಅಕ್ಷರವನ್ನು ರೈಟ್ ಸೂತ್ರದಿಂದ ತೆಗೆದು ಯೂನಿಕೋಡ್ ಸೂತ್ರಕ್ಕೆ ಕೊಡಿ. 8204 (200ಸಿಯನ್ನೇ ಮಾಮೂಲಿ ಅಂಕಿಯಲ್ಲಿ ಬರೆದದ್ದು) ಬಂದರೆ ಅದೇ ಕಳ್ಳ. ಆ ಒಂದನ್ನು ಮಾತ್ರ ಕಿತ್ತುಹಾಕಿ. ಇಡೀ ಪಟ್ಟಿಗೆ ರೀಪ್ಲೇಸ್ ಹೊಡೆದರೆ ಪದದ ನಡುವೆ ಬೇಕಾಗಿದ್ದವೂ ಹೋಗಿ ಮತ್ತೆ ರಾಬರ್ಟ್ಸನ್ಪೇಟೆಯೇ.

ನಂದಿತಪ್ಪಲು:
ಹೀಗೆ ಬರೆಯೋದು ಸರೀನಾ ಅಂದ್ರಲ್ಲ, ಅದಕ್ಕೆ: ತಪ್ಪೇನಲ್ಲ, ಆದರೆ ಬಹಳ ಕಡೆ ಬೇಕಿಲ್ಲ. ವ್ಯಂಜನದಲ್ಲಿ ಮುಗಿಯೋ ಪದಕ್ಕೆ ಕನ್ನಡ ಉಕಾರ ಸೇರಿಸಿಕೊಳ್ಳುತ್ತೆ: ಬಸ್ಸು, ಕಾರು, ಬ್ಯಾಂಕು. ಆಗ ಬಸ್ಸಿನಲ್ಲಿ, ಕಾರಿನಲ್ಲಿ, ಬ್ಯಾಂಕಿನಲ್ಲಿ. ಕಾಣದ ಅಕ್ಷರದ ಗೊಡವೆಯೇ ಇಲ್ಲ. ಅದೇ ಜಾಡಿನಲ್ಲಿ ‘ಕುಣಿಗಲ್ಲಿನಲ್ಲಿ’ ಅನ್ನಬಹುದು. ಎರಡು ಹೆಸರು ಅಂಟಿಕೊಂಡಿರೋ ರಾಬರ್ಟ್‌ಸನ್‌ಪೇಟೆಯಂಥವಕ್ಕೆ ಮಾತ್ರ ಬೇರೆ ದಾರಿಯಿಲ್ಲ.

ಕಲ್ಪತರುನಾಡು:
ಹಾಗಾದ್ರೆ ‘ವಾಟ್ಸಾಪ್‌ನಲ್ಲಿ’?

ನಂದಿತಪ್ಪಲು:
ವಾಟ್ಸಾಪಿನಲ್ಲಿ ಅನ್ನಿ. ಬಾಯಲ್ಲಿ ಹೇಗೂ ‘ವಾಟ್ಸಾಪಲ್ಲಿ ಹಾಕು’ ಅಂತೀವಲ್ಲ.