ಪದಚರ್ಚೆ: ಕಪಾಟಿಗೆ ‘ಬೆಂಬಲ’ ಕೊಡಬಹುದೇ?

ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಕನ್ನಡ ಪುಸ್ತಕಗಳ ಕೋಣೆಗೆ ಕೆಲವು ಕಪಾಟು ತರಿಸಿದ್ದೇವೆ. ಬಿಡಿ ಹಲಗೆಗಳಾಗಿ ಡಬ್ಬದಲ್ಲಿ ಬರುತ್ತವಲ್ಲ, ನಾವೇ ಜೋಡಿಸಿಕೊಳ್ಳಬೇಕು, ಆ ಥರದ್ದು. ಜೋಡಿಸಲು ಬರುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯುತ್ತಿದ್ದೇನೆ. ಮೊಳೆ, ತಿರುಪು, ಅಂಚು, ಅಡ್ಡಹಲಗೆ ಎಲ್ಲಾ ಸಲೀಸಾಗಿ ಬಂತು. ಪೆನ್ನು ನಿಂತದ್ದು ಕಪಾಟಿನ ಹಿಂಬದಿಗೆ ಬಂದಾಗ.

ಹಿಂದೆ ಹಾಕಲು ಕೊಡುವುದು ಸುಮಾರು 3 ಮಿಲಿಮೀಟರ್ ದಪ್ಪದ ತೆಳು ಹಾಳೆ. ಎಷ್ಟೋ ಸಲ ನಡುವೆ ಮಡಚಿ ಇಟ್ಟಿರುತ್ತಾರೆ. ಇದನ್ನು ‘ಹಲಗೆ’ ಅನ್ನಲು ಬಾಯಿ ಬರುವುದಿಲ್ಲ. ‘ರಟ್ಟು’ ಎಂದು ಬರೆದರೆ ಹುಡುಗರು ಅದನ್ನು ಧೂಳು ತಡೆಯುವ ಪರದೆ ಎಂದುಕೊಂಡು ನಾಲ್ಕು ಮೊಳೆ ಬಡಿದು ಕೈ ತೊಳೆದುಕೊಳ್ಳುತ್ತಾರೆ. ಇಲ್ಲಿನ ಬಡಗಿಗಳ ಬಾಯಲ್ಲಿ ಅದು ‘ಬ್ಯಾಕ್ ಪ್ಲೈ’. ನನಗೆ ‘ಬೆನ್ನುಹಲಗೆ’ ಹಿಡಿಸಿದೆ. ತೆಳುವಾದರೂ ಕೆಲಸ ಬೆನ್ನಿನದೇ ಅಲ್ವಾ?

ಒಳಗಿನ ಡಬ್ಬಿ ತೆಗೆದ ಬೆಂಕಿಪೊಟ್ಟಣದ ಕವಚವನ್ನು ಪಕ್ಕದಿಂದ ಒತ್ತಿ ನೋಡಿ. ಮೇಲೂ ಕೆಳಗೂ ಸಮನಾಗಿಯೇ ಇರುತ್ತದೆ, ಪಕ್ಕದ ಗೋಡೆಗಳೆರಡೂ ಒಂದೇ ಕಡೆ ಬಾಗುತ್ತವೆ. ಬೆನ್ನಿಲ್ಲದ ಕಪಾಟೂ ಹಾಗೆಯೇ. ಈ ಚಲನೆಗೆ ಕ್ರಿಯಾಪದ ಯಾವುದು? ‘ಅಳ್ಳಾಡು’ ಅಂದರೆ ಕೀಲು ಸಡಿಲಾಗಿದೆ ಎಂಬ ಅರ್ಥ ಬರುತ್ತದೆ. ‘ವಾಲು’ ಅಂದರೆ ಇಡೀ ಕಪಾಟೇ ಒಂದು ಕಡೆಗೆ ಒರಗಿದಂತೆ. ‘ಓಲಾಡು’ ಕುಡಿದವನಿಗೆ ಸರಿ. ನಮ್ಮ ಬಡಗಿ ಮರಾಠಿಯಲ್ಲಿ ‘ಗುಣ್ಯಾತ್ ನಾಹೀ’ ಅಂದುಬಿಡುತ್ತಾನೆ. ಗುಣ್ಯಾ ಅಂದರೆ ನಮ್ಮ ಮೂಲೆಮಟ್ಟ, ಮೂಲೆ ನೇರವಾಗಿದೆಯೇ ಎಂದು ಬಡಗಿ ನೋಡುವ ಎಲ್ ಆಕಾರದ ಸಾಧನ. ಹಾಗಾಗಿ ‘ಮೂಲೆಮಟ್ಟ ತಪ್ಪುತ್ತದೆ’ ಎಂದು ಬರೆದಿದ್ದೇನೆ. ಪರೀಕ್ಷೆಯೂ ಸುಲಭ: ಮೂಲೆಯಿಂದ ಎದುರು ಮೂಲೆಗೆ ಓರೆಯಾಗಿ, ಎರಡೂ ಕರ್ಣಗಳಿಗೆ ಟೇಪು ಹಿಡಿಯಿರಿ, ಅಳತೆ ಒಂದೇ ಬಂದ ಮೇಲೆ ಮೊಳೆ ಹೊಡೆಯಿರಿ.

ಕನ್ನಡ ಪುಸ್ತಕಗಳ ಭಾರಕ್ಕೆ, ಅದರಲ್ಲೂ ನಿಘಂಟುಗಳಿಗೆ, ಆ 3 ಮಿಲಿಮೀಟರ್ ನನಗೆ ಸಾಲದು. ಅದನ್ನು ತೆಗೆದು 6 ಮಿಲಿಮೀಟರ್ ಪ್ಲೈವುಡ್ ಹಾಕುತ್ತಿದ್ದೇವೆ. ಅಂಚಿನುದ್ದಕ್ಕೂ ಸುಮಾರು 15 ಸೆಂಟಿಮೀಟರಿಗೊಂದು ತಿರುಪು, ನಡುವಿನ ಗಟ್ಟಿ ಹಲಗೆಗೂ ಒಂದು ಸಾಲು. ಮೊದಲು ಸಣ್ಣ ತೂತು ಕೊರೆಯಬೇಕು, ಇಲ್ಲದಿದ್ದರೆ ಪುಡಿಮರದ ಹಲಗೆಯ (ಪಾರ್ಟಿಕಲ್ ಬೋರ್ಡ್) ಅಂಚು ಸೀಳಿಹೋಗುತ್ತದೆ. ಇಲ್ಲಿನ ಮಳೆಗಾಲದಲ್ಲಿ ಆ ಜಾತಿಯ ಹಲಗೆಗೆ ನೀರು ತಾಗಿದರೆ ಉಬ್ಬಿ, ತಿರುಪಿನ ಹಿಡಿತವೇ ಹೋಗುತ್ತದೆ. ಹಸಿ ಗೋಡೆಯಿಂದ ಒಂದು ಬೆರಳಷ್ಟು ದೂರ ಇಟ್ಟರೆ ಒಳ್ಳೆಯದು.

ಈ ಇಡೀ ಕೆಲಸಕ್ಕೆ ಹೆಸರು ಕೊಡಬೇಕಲ್ಲ. ‘ಕಪಾಟಿಗೆ ಬೆಂಬಲ ಕೊಡಿ’ ಎಂದು ಬರೆದೆ. ಓದಿದವರು ಚುನಾವಣೆ ಬಂತಾ ಎಂದು ನಕ್ಕರು. ಆದರೆ ಬೆನ್ ಮತ್ತು ಬಲ ಸೇರಿಯೇ ಬೆಂಬಲ. ಬೆಂಗಾವಲಿನಲ್ಲೂ ಇದೇ ಬೆನ್ನಿದೆ. ಮರಾಠಿಯ ‘ಪಾಠ್‌ಬಳ್’ ಪದದ ಕಟ್ಟೂ ಇದೇ. ಅಲ್ಲಿ ಪಾಠ್ ಅಂದರೆ ಬೆನ್ನು, ನಮ್ಮ ಶಾಲೆಯ ಪಾಠ ಅಲ್ಲ. ಮಾತಿನ ಬೆಂಬಲ ಪಕ್ಷಗಳ ಪಾಲಾದರೂ ಮರದ ಬೆಂಬಲ ಬಡಗಿಗೆ ಸಿಗಬಾರದೇಕೆ?

ಗೆಳೆಯರೊಬ್ಬರು ‘ಆನಿಕೆ’ ಸೂಚಿಸಿದರು. ಒಳ್ಳೆಯ ಪದ, ಆದರೆ ಅದು ಬೇರೆ ಕೆಲಸಕ್ಕೆ. ಕಪಾಟಿನ ತಲೆಯನ್ನು ಎಲ್ ಆಕಾರದ ಪಟ್ಟಿಯಿಂದ ಗೋಡೆಗೆ ಬಿಗಿಯುತ್ತೇವಲ್ಲ, ಮುಂದಕ್ಕೆ ಬೀಳದಂತೆ, ಅದಕ್ಕೆ ಇರಲಿ. ಬೆನ್ನುಹಲಗೆ ತಡೆಯುವುದು ಪಕ್ಕದ ಬಾಗನ್ನು. ಎರಡಕ್ಕೂ ಒಂದೇ ಪದ ಬಳಸಿದರೆ ಹುಡುಗರು ಒಂದನ್ನು ಮಾಡಿ ಇನ್ನೊಂದನ್ನು ಬಿಡುತ್ತಾರೆ.

ಕಾಸರಗೋಡು, ಧಾರವಾಡ, ಮೈಸೂರು ಕಡೆಯ ಬಡಗಿಗಳು ಈ ಬಾಗಿಗೆ, ಈ ಹಾಳೆಗೆ ಏನನ್ನುತ್ತಾರೆ? ಮನೆಯಲ್ಲಿ ಮರಗೆಲಸ ನಡೆದಾಗ ಕಿವಿಗೆ ಬಿದ್ದ ಮಾತಿದ್ದರೆ ತಿಳಿಸಿ. ಪುಟ ಇನ್ನೂ ಅಚ್ಚಿಗೆ ಹೋಗಿಲ್ಲ.