ಸಹಾಯ ಬೇಕು: ಫಾರ್ಮ್ 8606ರ 6ನೇ ಸಾಲಿನಲ್ಲಿ ಯಾವ ಮೊತ್ತ ಬರೆಯಬೇಕು?

ಅಮೆರಿಕದಲ್ಲಿ ತೆರಿಗೆ ಸಲ್ಲಿಸುವ ಕನ್ನಡ ಬಂಧುಗಳಿಗೆ ನಮಸ್ಕಾರ. 2022ನೇ ಸಾಲಿಗೆ ಟ್ರೆಡಿಷನಲ್ ಐಆರ್‌ಎ ಎಂಬ ನಿವೃತ್ತಿ ಉಳಿತಾಯ ಖಾತೆಗೆ ತೆರಿಗೆ ಕಡಿತ ಪಡೆಯದೆ 7,000 ಡಾಲರ್ ಕಟ್ಟಿ, ಅದನ್ನು ಇಂಥ ಹಣದ ಲೆಕ್ಕ ತೋರಿಸುವ ತೆರಿಗೆ ನಮೂನೆಯಾದ ಅದೇ ವರ್ಷದ ಫಾರ್ಮ್ 8606ರಲ್ಲಿ ತೋರಿಸಿದ್ದೇನೆ. ಅರವತ್ತು ತುಂಬಿದ ಮೇಲೆ, 2024ರ ಆಗಸ್ಟ್‌ನಲ್ಲಿ ಅದರಿಂದ 5,000 ಡಾಲರ್ ತೆಗೆದೆ. ನವೆಂಬರ್‌ನಲ್ಲಿ ಹಳೆಯ ಉದ್ಯೋಗದ 401(ಕೆ) ನಿವೃತ್ತಿ ಯೋಜನೆಯ ಹಣವೆಲ್ಲ ಅದೇ ಖಾತೆಗೆ ವರ್ಗವಾಯಿತು. ತೆಗೆದ ಹಣದ ವಿವರ ಕೊಡುವ ನಮೂನೆ 1099-ಆರ್‌ನಲ್ಲಿ ಪೂರ್ತಿ 5,000 ಡಾಲರ್ ತೆರಿಗೆಗೆ ಒಳಪಟ್ಟಂತೆ ನಮೂದಾಗಿದ್ದರೂ, ತೆರಿಗೆಯ ಮೊತ್ತ ನಿರ್ಧಾರವಾಗಿಲ್ಲವೆಂಬ ಚೌಕದಲ್ಲೂ ಗುರುತಿದೆ. ಒಮ್ಮೆ ತೆರಿಗೆ ತೆತ್ತ ಹಣಕ್ಕೆ ಮತ್ತೆ ತೆರಿಗೆ ಬೀಳಬಾರದೆಂಬುದೇ ನನ್ನ ಕಾಳಜಿ. ಸೂಚನೆಗಳನ್ನು ಓದಿ, 401(ಕೆ) ಹಣವನ್ನು ಸೇರಿಸಿ ಮತ್ತು ಬಿಟ್ಟು ಎರಡು ರೀತಿಯಲ್ಲಿ ಲೆಕ್ಕ ಹಾಕಿದಾಗ ತೆರಿಗೆಮುಕ್ತ ಪಾಲಿನಲ್ಲಿ ಭಾರಿ ವ್ಯತ್ಯಾಸ ಕಾಣುತ್ತಿದೆ. 6ನೇ ಸಾಲಿನಲ್ಲಿ ಕೇಳುವ ಡಿಸೆಂಬರ್ 31ರ ಐಆರ್‌ಎ ಮೊತ್ತಕ್ಕೆ, ನಾನು ಹಣ ತೆಗೆದ ನಂತರ ಬಂದ ಈ 401(ಕೆ) ಹಣವನ್ನೂ ಸೇರಿಸಲೇಬೇಕೇ, ಅಥವಾ ಅದನ್ನು ಬಿಡಲು ಅವಕಾಶವಿದೆಯೇ?